ನಲ್ಲಪ್ಪ ಬಾರಿಸುತ್ತಿದ್ದ ಭಾನುವಾರಗಳು

೩ ಅಕ್ಟೋಬರ್ ೧೯೭೬, ಭಾನುವಾರ

ಇವತ್ತೂ ತಪ್ಪಿಸಲಿಲ್ಲ. ಎರಡೂವರೆಗೆ ಸೈಕಲ್ಲು ಹೊರಗೆ ತೆಗೆದಾಗ ನಾಗಲಕ್ಷ್ಮಿ ಬಾಗಿಲಲ್ಲಿ ನಿಂತು, ನೆಂಟರ ಮನೆಗೆ ಕರೆದಾಗ ಮಾತ್ರ ನಿಮಗೆ ಮಂಡಿನೋವು ಬರುತ್ತೆ ಎಂದಳು. ಕೋಪವೇನಿರಲಿಲ್ಲ. ಹದಿನಾರು ವರ್ಷದ ಸಂಸಾರ, ಮಕ್ಕಳಿಲ್ಲದ ಮನೆ. ಗಂಡನಿಗೆ ವಾರಕ್ಕೆ ಎರಡು ಗಂಟೆಯ ಹುಚ್ಚೊಂದಿದ್ದರೆ ಇರಲಿ ಎಂದು ಬಿಟ್ಟಿದ್ದಾಳೆ.

ಕಾಡುಗೋಡಿಯಿಂದ ವೈಟ್‌ಫೀಲ್ಡಿನ ಆಂಗ್ಲೋ-ಇಂಡಿಯನ್ನರ ಸೆಟ್ಲ್‌ಮೆಂಟಿಗೆ ಸೈಕಲ್ಲಿನಲ್ಲಿ ಕಾಲು ಗಂಟೆ. ಅಲ್ಲಿನ ಕ್ಲಬ್ಬಿನಲ್ಲಿ ಭಾನುವಾರ ಮೂರಕ್ಕೆ ಪೆಪಿನ್ ಅವರ ಬ್ಯಾಂಡು ಜಾಝ್ ನುಡಿಸುತ್ತದೆ. ಸಿರಿಲ್ ಪೆಪಿನ್ ಗೂಡ್ಸ್ ಗಾಡಿಯ ಗಾರ್ಡಾಗಿದ್ದು ನಿವೃತ್ತರಾದ ಆಂಗ್ಲೋ-ಇಂಡಿಯನ್, ಸ್ಯಾಕ್ಸೋಫೋನ್ ಊದುತ್ತಾರೆ. ಹೋದ ವರ್ಷ, ಅರ್ಜಿ ಬರೆಯುವಷ್ಟು ಕನ್ನಡ ಕಲಿಸಿಕೊಡಿ ಎಂದು ನನ್ನನ್ನು ಕರೆಸಿಕೊಂಡಿದ್ದರು. ಅವರ ಕನ್ನಡ ರೈಲ್ವೆ ಗ್ಯಾಂಗಿನವರಿಂದ ಬಂದದ್ದು, ತಹಶೀಲ್ದಾರರಿಗೂ ಏಕವಚನವೇ. ಮೊದಲ ದಿನ ಅರ್ಧ ಪಾಠಕ್ಕೇ, "ಸಾಕು ಮೇಷ್ಟ್ರೆ, ನೀನು ಇಲ್ಲೇ ಕೂತ್ಕೋ, ಈಗ ನಾವು ಬಾರಿಸ್ತೀವಿ" ಎಂದರು. ಬಹುವಚನ ಅವರಿಗೆ ಇನ್ನೂ ಬಂದಿಲ್ಲ. ನನಗೆ ಮಾತ್ರ ಭಾನುವಾರ ಬಿಡಲಾಗದ ಹಾಗೆ ಆಗಿದೆ.

ಎಲ್ಲರೂ ಸೇರಿ ಒಂದು ಹಾಡನ್ನು ಒಮ್ಮೆ ನೆಟ್ಟಗೆ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಅದನ್ನು ಎತ್ತಿಕೊಂಡು ಎಲ್ಲೆಲ್ಲೋ ಅಲೆಯುತ್ತಾರೆ. ದಾರಿ ತಪ್ಪಿತು, ಇನ್ನು ಮನೆ ಸಿಗುವುದಿಲ್ಲ ಅನ್ನಿಸುವಾಗ ಯಾವುದೋ ಓಣಿಯಿಂದ ಅದೇ ಹಾಡಿನ ಅಂಗಳಕ್ಕೆ ಬಂದು ಇಳಿಯುತ್ತಾರೆ. ಹೋದ ವಾರದ ದಾರಿ ಈ ವಾರ ಇಲ್ಲ. ಇಪ್ಪತ್ತು ವರ್ಷದಿಂದ ಒಂದೇ ಮಗ್ಗಿಯನ್ನು ಒಂದೇ ಧಾಟಿಯಲ್ಲಿ ಹೇಳಿಸುತ್ತಿರುವ ನನಗೆ ಇದು ಎಲ್ಲಿ ಹೋಗಿ ತಗಲುತ್ತದೆಂದು ಯಾರಿಗೆ ಹೇಳಲಿ.

ಡ್ರಮ್ಮು ಬಾರಿಸುವ ನಲ್ಲಪ್ಪ ನನ್ನ ಹಳೆಯ ವಿದ್ಯಾರ್ಥಿ. ಏಳನೆಯ ಕ್ಲಾಸಿಗೆ ಬಿಟ್ಟು ಸೆಟ್ಲ್‌ಮೆಂಟಿನ ಮನೆಗಳಿಗೆ ಸುಣ್ಣ ಬಳಿಯಲು ನಿಂತ. ಸುಣ್ಣದ ಡಬ್ಬದ ಮೇಲೆ ಬ್ರಶ್ಶಿನ ಹಿಡಿಯಿಂದ ಅವನು ಹಾಕುತ್ತಿದ್ದ ತಾಳ ಕೇಳಿ ಪೆಪಿನ್ ಅವನನ್ನು ಡ್ರಮ್ಮಿಗೆ ಕೂರಿಸಿದರು. ಊರಿನವರು ಅವನನ್ನು ಡಬ್ಬ ಬಡಿಯುವವನು ಎನ್ನುತ್ತಾರೆ. ನಮ್ಮ ಕಡೆಯಿಂದ ಬಂದು ಕೂತು ಕೇಳುವವನು ನಾನೊಬ್ಬನೇ. ಇವತ್ತು ಅವನ ಸರದಿ ಬಂದಾಗ ಉಳಿದವರು ಕೈ ಕಟ್ಟಿ ನಿಂತರು. ಮೊದಲು ಅಂಚನ್ನಷ್ಟೇ ತಟ್ಟುತ್ತ ಹೋದ. ಆಮೇಲೆ ದೊಡ್ಡ ಪೆಟ್ಟು ಬೀಳಲೇಬೇಕಾದ ಕಡೆ ಹೊಡೆಯದೆ ಬಿಟ್ಟ. ಆ ಖಾಲಿ ಜಾಗದಲ್ಲಿ ನಾನೇ ನನ್ನ ತೊಡೆ ತಟ್ಟಿಬಿಟ್ಟೆ. ಅವನು ನೋಡಿ ನಕ್ಕ.

೧೧ ಅಕ್ಟೋಬರ್, ಸೋಮವಾರ

ಇನ್‌ಸ್ಪೆಕ್ಟರ್ ಸಾಹೇಬರ ಮೀಟಿಂಗು. ತುರ್ತು ಪರಿಸ್ಥಿತಿ ಬಂದ ಮೇಲೆ ಮೀಟಿಂಗುಗಳಲ್ಲಿ ಪಾಠದ ಮಾತೇ ಇಲ್ಲ. ಡಿಸೆಂಬರ್ ಹದಿನೈದರೊಳಗೆ ಪ್ರತಿಯೊಬ್ಬ ಉಪಾಧ್ಯಾಯನೂ ಎರಡು ಕೇಸು ತರಬೇಕು. ಕೇಸು ಎಂದರೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ಒಪ್ಪಿದ ಗಂಡಸು. ಎರಡು ಮಕ್ಕಳಾದರೂ ಇರಬೇಕು. ತರದವರಿಗೆ ವರ್ಗ. ನನ್ನ ಹೆಸರಿನ ಮುಂದೆ ಪಾವಗಡದ ಆಚೆಯ ಯಾವುದೋ ಹಳ್ಳಿಯ ಹೆಸರು ಆಗಲೇ ಪೆನ್ಸಿಲಿನಲ್ಲಿ ಬರೆದಿತ್ತು.

ನಮ್ಮ ಶಾಲೆಯ ಶ್ಯಾಮಣ್ಣ ಎದ್ದು ನಿಂತು, ಇದು ನನ್ನಿಂದ ಆಗುವುದಿಲ್ಲ ಸಾರ್ ಎಂದು ಹೇಳಿ ಕೂತುಬಿಟ್ಟರು. ಸಾಹೇಬರು ಬೈಯಲಿಲ್ಲ. ಅವರ ಹೆಸರನ್ನು ಪೆನ್ನಿನಲ್ಲಿ ಬರೆದುಕೊಂಡರು.

೧೭ ಅಕ್ಟೋಬರ್, ಭಾನುವಾರ

ಪೆಪಿನ್ ಇವತ್ತು ಹೊಸದೊಂದನ್ನು ನುಡಿಸಿದರು, ಬಹಳ ನಿಧಾನದ್ದು. ಅವರ ತಂಗಿ ಮಿಸ್ ಡಾಲ್ಸಿ ಪಿಯಾನೋದಲ್ಲಿ ಒಂದೊಂದೇ ಸ್ವರವನ್ನು ಹನಿಸುತ್ತಿದ್ದರು. ನಲ್ಲಪ್ಪ ಕಡ್ಡಿ ಬಿಟ್ಟು ತಂತಿಯ ಬ್ರಶ್ಶು ಹಿಡಿದು ಡ್ರಮ್ಮಿನ ಚರ್ಮವನ್ನು ಸವರುತ್ತಿದ್ದ. ಮಲಗಿದ ಮಗುವಿನ ಬೆನ್ನು ಸವರಿದ ಹಾಗೆ. ನನ್ನ ಕಣ್ಣಲ್ಲಿ ನೀರು ಬಂದದ್ದು ಯಾರೂ ನೋಡಲಿಲ್ಲವೆಂದುಕೊಂಡಿದ್ದೇನೆ.

ಮನೆಗೆ ಬಂದು ನಾಗಲಕ್ಷ್ಮಿಗೆ ಹೇಳಿದೆ: ಬೇರೆ ಊರು, ಬೇರೆ ನೀರು, ಎಲ್ಲವನ್ನೂ ತಡೆದುಕೊಂಡೇನು, ಈ ಭಾನುವಾರ ಹೋದರೆ ತಡೆಯಲಾರೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು. ಇಷ್ಟೊಂದಾ ಎಂದು ಕೇಳಿದಳು. ಹೌದು ಎಂದೆ.

೮ ನವೆಂಬರ್, ಸೋಮವಾರ

ಒಂದು ಕೇಸು ಆಯಿತು. ದೊಡ್ಡಮುನಿಯಪ್ಪ ತಾನಾಗಿಯೇ ಬಂದ. ವಯಸ್ಸು ಅರವತ್ತರ ಮೇಲೆ, ಹೆಂಡತಿ ಸತ್ತು ಎಂಟು ವರ್ಷ, ಮೊಮ್ಮಕ್ಕಳಿದ್ದಾರೆ. ಫಾರಮ್ಮಿನಲ್ಲಿ ನಲವತ್ತೆಂಟು ಎಂದು ಬರೆದೆ. ಇಪ್ಪತ್ತು ವರ್ಷದಲ್ಲಿ ಹಾಜರಿ ಪುಸ್ತಕದಲ್ಲಿ ಕೂಡ ಒಂದು ಸುಳ್ಳು ಗೀಟು ಹಾಕಿದವನಲ್ಲ ನಾನು. "ಬರ್ಕೊಳ್ಳಿ ಸಾ, ವಯಸ್ಸು ಇಳದ್ರೆ ನಂಗೇನು ಬ್ಯಾಡ್ವಾ" ಎಂದು ಮುದುಕ ನಕ್ಕ. ಆಪರೇಷನ್ ಕ್ಯಾಂಪಿನವರೂ ನಕ್ಕರು. ನಾನೂ ನಕ್ಕೆ.

೧೪ ನವೆಂಬರ್, ಭಾನುವಾರ

ಕ್ಲಬ್ಬಿನಲ್ಲಿ ಇವತ್ತು ಜನ ಜಾಸ್ತಿ. ಗಂಡಸರು ಇಪ್ಪತ್ತಮೂರು. ಅದರಲ್ಲಿ ಮುದುಕರು ಹದಿನಾರು. ಉಳಿದ ಏಳರಲ್ಲಿ ನಾಲ್ವರು ರಜೆಗೆ ಬಂದ ಮಿಲಿಟರಿಯವರು, ಅವರು ಆಗುವುದಿಲ್ಲ. ಅಡುಗೆಯವನಿಗೆ ಹೋದ ವರ್ಷವೇ ಆಗಿದೆಯಂತೆ. ತೋಟದ ಮಾಲಿಗೆ ಮದುವೆಯಾಗಿಲ್ಲ.

ಸಂಗೀತ ಚೆನ್ನಾಗಿತ್ತು.

೨೦ ನವೆಂಬರ್, ಶನಿವಾರ

ಮಧ್ಯಾಹ್ನ ಕ್ಯಾಂಪಿಗೆ ಹೋಗಿ ಡಾಕ್ಟರನ್ನು ಕಂಡೆ. ಜನ ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿರಬೇಕಲ್ಲ. ಮುಂದೆ ಮಗು ಬೇಕೆನಿಸಿದರೆ ಮತ್ತೆ ಜೋಡಿಸಬಹುದೇ ಎಂದು ಕೇಳಿದೆ. ಡಾಕ್ಟರು ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟಿದ್ದರು. ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ: "ಜೋಡಿಸಬಹುದು ಅಂತ ಪುಸ್ತಕದಲ್ಲಿದೆ ಮೇಷ್ಟ್ರೆ. ಈ ಕಡೆ ಯಾರೂ ಮಾಡಿದ್ದು ನಾನು ಕಂಡಿಲ್ಲ. ಆಗಲ್ಲ ಅಂತಲೇ ತಿಳ್ಕೊಳ್ಳಿ, ಜನಕ್ಕೂ ಹಾಗೇ ಹೇಳಿ."

ಒಳ್ಳೆಯ ಮನುಷ್ಯ. ಮನೆಗೆ ಬಂದು ನಾಗಲಕ್ಷ್ಮಿಗೂ ಹೇಳಿದೆ. ಒಂದು ಸಲ ಆಗಿಹೋದರೆ ಮುಗಿಯಿತು ಅನ್ನಿ ಎಂದಳು. ಮುಗಿಯಿತು ಎಂದೆ.

೨೮ ನವೆಂಬರ್, ಭಾನುವಾರ

ಎರಡನೆಯದು ಸಿಗುತ್ತಿಲ್ಲ. ನನ್ನ ಸೈಕಲ್ಲು ಕಂಡರೆ ಗಂಡಸರು ಹೊಲದ ಕಡೆ ನಡೆಯುತ್ತಾರೆ. ಮೊನ್ನೆ ನಾಲ್ಕು ಮಕ್ಕಳು ಸ್ಕೂಲಿಗೆ ಬರಲಿಲ್ಲ. ಅಪ್ಪಂದಿರು ಬೇಡವೆಂದರಂತೆ, ಮೇಷ್ಟ್ರು ಮನೆ ವಿಚಾರ ಕೇಳುತ್ತಾರೆ ಎಂದು. ಸಾಹೇಬರು ಚೀಟಿ ಕಳಿಸಿದ್ದಾರೆ: ಹನುಮಂತಯ್ಯನವರೇ, ಪಟ್ಟಿ ಹದಿನೈದಕ್ಕೆ ಹೋಗುತ್ತದೆ.

ಬ್ಯಾಂಡು ಮುಗಿದ ಮೇಲೆ ನಲ್ಲಪ್ಪ ಕಡ್ಡಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಅವನಿಗೆ ಮೂರು ವರ್ಷದ ಮಗಳೊಬ್ಬಳಿದ್ದಾಳೆ. ಅದಕ್ಕೆ ಮೊದಲು ಒಂದು ಗಂಡು ಹುಟ್ಟಿ ಒಂಬತ್ತು ದಿನಕ್ಕೆ ಹೋಯಿತು. ವರ್ಗದ ವಿಷಯವನ್ನೆಲ್ಲ ಅವನಿಗೆ ಹೇಳಿದೆ. ಅವನ ಕೈ ಸುತ್ತುವುದನ್ನು ನಿಲ್ಲಿಸಿತು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದ. ನಾನು ಬಲವಂತ ಮಾಡಲಿಲ್ಲ.

೫ ಡಿಸೆಂಬರ್, ಭಾನುವಾರ

ಬೆಳಿಗ್ಗೆಯೇ ನಲ್ಲಪ್ಪ ಮನೆಗೆ ಬಂದ. ಒಳಗೆ ಕರೆದರೂ ಬರದೆ ಜಗಲಿಯ ಮೇಲೇ ಕೂತ. ಅವನ ಹೆಂಡತಿ ಮಾರಕ್ಕ ಒಂದು ಪ್ರಶ್ನೆ ಕೊಟ್ಟು ಕಳಿಸಿದ್ದಾಳೆ.

"ಒಂದೇ ಮಾತು ಸಾರ್. ಇನ್ನೊಂದು ಗಂಡು ಮಗು ಬೇಕು ಅಂತ ಅವ್ಳಿಗೆ ಆಸೆ ಐತೆ. ಮುಂದಕ್ಕೆ ಬಿಚ್ಚಬೌದಾ ಇದನ್ನ?"

"ಬಿಚ್ಚಬಹುದು ನಲ್ಲಪ್ಪ. ಮತ್ತೆ ಜೋಡಿಸುವ ವಿದ್ಯೆ ಇದೆ ಅಂತ ಡಾಕ್ಟರೇ ಹೇಳಿದ್ದಾರೆ."

"ಅಂಗಾರೆ ಆಯ್ತು ಸಾರ್. ನೀವು ಪಾವಗಡಕ್ಕೆ ಓದ್ರೆ ನಮ್ಮೋರು ಅಂತ ಯಾರವ್ರೆ ಅಲ್ಲಿ ಕೂತ್ಕೊಂಡು ಕೇಳಾಕೆ."

ನಾನು ಸುಳ್ಳು ಹೇಳಿಲ್ಲ. ಪುಸ್ತಕದಲ್ಲಿದೆ ಎಂದು ಡಾಕ್ಟರು ಹೇಳಿದ್ದು ನಿಜ. ಅವರ ಮಾತಿನ ಮೊದಲ ಅರ್ಧ ಹೇಳಿದೆ, ಉಳಿದರ್ಧ ಹೇಳಲಿಲ್ಲ. ಪಾಠ ಹೇಳುವವನು ಮಕ್ಕಳಿಗೆ ಎಲ್ಲವನ್ನೂ ಒಂದೇ ದಿನ ಹೇಳುತ್ತಾನೆಯೇ?

ಮಧ್ಯಾಹ್ನದ ಸಂಗೀತ ತುಂಬ ಹಗುರವಾಗಿತ್ತು. ಬಹಳ ದಿನದ ಮೇಲೆ ಕಿವಿ ಬಿಚ್ಚಿ ಕೇಳಿದೆ.

೯ ಡಿಸೆಂಬರ್, ಗುರುವಾರ

ಆಯಿತು. ಮಕ್ಕಳ ಸಂಖ್ಯೆಯ ಮುಂದೆ ಎರಡು ಎಂದು ಬರೆದೆ. ಹುಟ್ಟಿದ್ದು ಎರಡು ತಾನೆ. ಕ್ಯಾಂಪಿನ ಬಾಗಿಲಲ್ಲಿ ನಲ್ಲಪ್ಪ ಚಪ್ಪಲಿ ಬಿಟ್ಟು ಹೋದ, ದೇವಸ್ಥಾನಕ್ಕೆ ಹೋದ ಹಾಗೆ. ಹೊರಗೆ ಬಂದಾಗ ಮುಖ ಬಿಳಿಚಿತ್ತು. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಿಧಾನವಾಗಿ ತಳ್ಳಿಕೊಂಡು ಮನೆ ಮುಟ್ಟಿಸಿದೆ. ದಾರಿಯಲ್ಲಿ ಅವನು, ಎಂಟು ದಿನಕ್ಕೆ ಬಾರಿಸಬಹುದಾ ಸಾರ್ ಎಂದು ಕೇಳಿದ. ಬಾರಿಸಬಹುದು ಎಂದೆ.

೧೨ ಡಿಸೆಂಬರ್, ಭಾನುವಾರ

ಡ್ರಮ್ಮಿನ ಮೇಲೆ ಬಟ್ಟೆ ಮುಚ್ಚಿತ್ತು. ನಲ್ಲಪ್ಪನಿಗೆ ಏನಾಗಿದೆ ಎಂದು ಪೆಪಿನ್ ಕೇಳಿದರು. ಸ್ವಲ್ಪ ಜ್ವರ ಎಂದೆ. ತಾಳವಿಲ್ಲದೆ ನುಡಿಸಿದರು. ಹಾಗೆ ಕೇಳಿದರೆ ಸ್ಯಾಕ್ಸೋಫೋನಿನ ಸಣ್ಣ ಬಳುಕುಗಳು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತವೆ. ಇದೂ ಒಂದು ಚೆಂದವೇ.

೨೩ ಡಿಸೆಂಬರ್, ಗುರುವಾರ

ನಲ್ಲಪ್ಪನ ಗಾಯ ಕೀವಾಗಿದೆ, ಜ್ವರ ಇಳಿದಿಲ್ಲ ಎಂದು ಸುದ್ದಿ. ನಾಗಲಕ್ಷ್ಮಿ ದಿನವೂ ಗಂಜಿ ತೆಗೆದುಕೊಂಡು ಹೋಗುತ್ತಿದ್ದಾಳೆ. ನೀವೂ ಒಮ್ಮೆ ಬಂದು ನೋಡಿ ಎಂದಳು. ಪರೀಕ್ಷೆಯ ಪೇಪರುಗಳು ಬಾಕಿ ಇವೆ. ರೋಗಿಯ ಮನೆಯಲ್ಲಿ ಜನ ಸೇರಿಸಬಾರದು.

ಪಟ್ಟಿ ಹೋಯಿತು. ನನ್ನ ಹೆಸರಿನ ಮುಂದಿನ ಪೆನ್ಸಿಲಿನ ಬರಹವನ್ನು ಸಾಹೇಬರು ನನ್ನೆದುರಿಗೇ ರಬ್ಬರಿನಿಂದ ಉಜ್ಜಿದರು.

೨ ಜನವರಿ ೧೯೭೭, ಭಾನುವಾರ

ಶ್ಯಾಮಣ್ಣನವರಿಗೆ ವರ್ಗವಾಗಿದೆ. ನಾಳೆಯೇ ಅಲ್ಲಿ ಹಾಜರಾಗಬೇಕು. ಹೇಳಿಹೋಗಲು ಬಂದಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ನಲ್ಲಪ್ಪನಿಗೆ ಇರೋದು ಒಂದೇ ಮಗು ಅಲ್ವೇನಯ್ಯ" ಎಂದರು. ನಾನು ಲೋಟ ಎತ್ತಿ ಒಳಗಿಟ್ಟು ಬಂದೆ. ಬಿಡಿ, ಅವರು ಒಂಟಿ ಮನುಷ್ಯ, ಪೆಟ್ಟಿಗೆ ಎತ್ತಿಕೊಂಡರೆ ಸಂಸಾರವೇ ಎತ್ತಿದ ಹಾಗೆ. ನೀತಿ ಅಂಥವರಿಗೆ ಸುಲಭ.

ಅವರನ್ನು ಬಸ್ಸಿನವರೆಗೂ ಬಿಟ್ಟು ಕ್ಲಬ್ಬಿಗೆ ಹೋದೆ. ಡ್ರಮ್ಮಿನ ಮೇಲೆ ಇನ್ನೂ ಬಟ್ಟೆ.

೧೩ ಫೆಬ್ರವರಿ, ಭಾನುವಾರ

ನಲ್ಲಪ್ಪ ಬಂದ! ಎರಡು ತಿಂಗಳ ಮೇಲೆ. ಕೆನ್ನೆ ಒಳಗೆ ಹೋಗಿದೆ, ಸುಣ್ಣದ ಕೆಲಸಕ್ಕೆ ಏಣಿ ಹತ್ತಲು ಇನ್ನೂ ಆಗುವುದಿಲ್ಲವಂತೆ. ಆದರೆ ಕೈ ಅದೇ ಕೈ. ಪೆಪಿನ್ ನಡುವೆ ಸ್ಯಾಕ್ಸೋಫೋನ್ ಕೆಳಗಿಳಿಸಿ, ಅವನು ಬಾರಿಸುವುದನ್ನು ಹಾಗೇ ನೋಡುತ್ತ ನಿಂತರು.

ನೋಡಿದಿರಾ, ಎಲ್ಲವೂ ಮೊದಲಿನ ಹಾಗೆ ಆಯಿತು. ಯಾರಿಗೆ ಏನು ನಷ್ಟವಾಯಿತು? ಬೇಕೆಂದರೆ ಜೋಡಿಸಿಕೊಳ್ಳಬಹುದು ಎಂದು ಡಾಕ್ಟರು ಬೇರೆ ಹೇಳಿದ್ದಾರೆ.

೨ ಮಾರ್ಚ್, ಬುಧವಾರ

ಇದನ್ನು ಬರೆಯಬೇಕೋ ಬೇಡವೋ ತಿಳಿಯದು.

ಸಂಜೆ ಶಾಲೆಯಿಂದ ಬಂದಾಗ ನಲ್ಲಪ್ಪ ಜಗಲಿಯ ಮುಂದೆ ನಿಂತಿದ್ದ. ಸಿಟಿಯ ದೊಡ್ಡಾಸ್ಪತ್ರೆಯೊಂದಕ್ಕೆ ಹೋಗಿ ಬಂದಿದ್ದನಂತೆ, ಮಾರಕ್ಕನ ಒತ್ತಾಯಕ್ಕೆ. ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತು ಕೇಳಿದರೆ, ಕೀವಾಗಿದ್ದ ಕಡೆ ಇನ್ನು ಏನೂ ಮಾಡಲು ಬರುವುದಿಲ್ಲ, ಕೀವಾಗದಿದ್ದರೂ ಹೆಚ್ಚೇನೂ ಆಸೆ ಇರುತ್ತಿರಲಿಲ್ಲ ಎಂದರಂತೆ. ನಿನಗೆ ಯಾರು ಹೇಳಿದರು ಬಿಚ್ಚಬಹುದು ಅಂತ ಎಂದು ಅವನನ್ನೇ ಕೇಳಿದರಂತೆ. ಇದನ್ನೆಲ್ಲ ಅವನು ದನಿ ಏರಿಸದೆ ಹೇಳಿದ. ಸ್ಕೂಲಿನಲ್ಲಿ ಪಾಠ ಒಪ್ಪಿಸುವಾಗಲೂ ಹಾಗೇ ನಿಲ್ಲುತ್ತಿದ್ದ.

"ನಿಮ್ಗೆ ಗೊತ್ತಿತ್ತಾ ಸಾರ್?"

"ಡಾಕ್ಟರು ಹೇಳಿದ್ದನ್ನ ನಾನು ಹೇಳಿದೆ ನಲ್ಲಪ್ಪ."

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬೇಡವೆಂದರೂ ಬಾಯಿ ನಿಲ್ಲಲಿಲ್ಲ. ಕ್ಲಬ್ಬು ಬಿಡಬೇಡ, ನಿನ್ನ ಕೈಯಲ್ಲಿ ವಿದ್ಯೆ ಇದೆ ಎಂದೆ.

"ಬಿಡಾಕಿಲ್ಲ ಸಾರ್. ಅದು ನಂದು. ನೀವು ಬಂದ್ರೂ ಬಾರ್ಸ್ತೀನಿ, ಬರ್ದಿದ್ರೂ ಬಾರ್ಸ್ತೀನಿ."

ಹೊರಟುಹೋದ. ಒಳಗೆ ನಾಗಲಕ್ಷ್ಮಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಟ್ಟೆ ಹಾಕಲಿಲ್ಲ. ಕ್ಯಾಂಪಿನ ಡಾಕ್ಟರನ್ನ ನೋಡಿ ಬಂದ ದಿನ ನೀವು ನನಗೆ ಏನು ಹೇಳಿದಿರಿ ಎಂದಳು. ನೆನಪಿಲ್ಲ ಎಂದೆ. ನಿಜವಾಗಿಯೂ ನೆನಪಿಲ್ಲ.

೬ ಮಾರ್ಚ್, ಭಾನುವಾರ

ಹೋಗಿದ್ದೆ. ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂತೆ.

೨೮ ಮಾರ್ಚ್, ಸೋಮವಾರ

ದೆಹಲಿಯ ಸರ್ಕಾರ ಬಿದ್ದು ವಾರವಾಯಿತು. ತುರ್ತು ಪರಿಸ್ಥಿತಿಯೂ ಹೋಯಿತು. ಕೇಸುಗಳ ಮಾತನ್ನು ಇನ್ನು ಯಾರೂ ಎತ್ತಬಾರದೆಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದಾರೆ. ವರ್ಗವಾದವರೆಲ್ಲ ಹಳೆಯ ಜಾಗಕ್ಕೆ ಬರಬಹುದಂತೆ. ಶ್ಯಾಮಣ್ಣ ಹದಿನೈದು ದಿನದಲ್ಲಿ ಬರುತ್ತಾರೆ.

ಅಂದರೆ ಮೂರು ತಿಂಗಳು. ನಾನು ಹೋಗಿದ್ದರೂ ಮೂರೇ ತಿಂಗಳು. ಹನ್ನೆರಡೋ ಹದಿಮೂರೋ ಭಾನುವಾರ.

ಆಗ ಅದು ಯಾರಿಗೆ ಗೊತ್ತಿತ್ತು? ಯಾರಿಗೂ ಗೊತ್ತಿರಲಿಲ್ಲ.

ನಾಗಲಕ್ಷ್ಮಿ ಇತ್ತೀಚೆಗೆ ಮಾರಕ್ಕನ ಮನೆಗೆ ಹೆಚ್ಚಾಗಿ ಹೋಗುತ್ತಾಳೆ. ಮಗಳಿಗೆ ತಲೆ ಬಾಚುತ್ತಾಳಂತೆ. ಬಂದ ಮೇಲೆ ಅಲ್ಲಿನ ಮಾತು ಒಂದನ್ನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮನೆಯಲ್ಲಿ ನಾವಿಬ್ಬರೂ ಬಹಳ ಮರ್ಯಾದೆಯಿಂದ ಇದ್ದೇವೆ.

೧೭ ಏಪ್ರಿಲ್, ಭಾನುವಾರ

ಬಿಸಿಲು ಹೆಚ್ಚೆಂದು ಕ್ಲಬ್ಬಿನ ಬಾಗಿಲುಗಳನ್ನೆಲ್ಲ ತೆರೆದಿದ್ದರು. ಮೊದಲ ಹಾಡು ಅರ್ಧಕ್ಕೆ ಬಂದಿತ್ತು. ಬಾಗಿಲಲ್ಲಿ ಮಾರಕ್ಕ ನಿಂತಿದ್ದಳು, ಕಂಕುಳಲ್ಲಿ ಮಗಳು. ಸುಣ್ಣ ಬಳಿಯುವವನ ಹೆಂಡತಿಯಾಗಿ ಆ ಕಟ್ಟಡದ ಹಿಂಬಾಗಿಲನ್ನು ನೂರು ಸಲ ನೋಡಿರಬೇಕು, ಮುಂಬಾಗಿಲಿಂದ ಒಳಗೆ ಬಂದದ್ದು ಇದೇ ಮೊದಲು. ಒಗೆದ ಸೀರೆ ಉಟ್ಟಿದ್ದಳು. ಸುತ್ತ ಒಮ್ಮೆ ಕಣ್ಣಾಡಿಸಿ ನೇರ ಬಂದು ನನ್ನ ಬೆಂಚಿನಲ್ಲಿ, ನನ್ನ ಪಕ್ಕದಲ್ಲಿ ಕೂತಳು. ನಾನು ಸರಿದು ಜಾಗ ಮಾಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ವೇದಿಕೆಯ ಕಡೆಗೇ ನೋಡುತ್ತಿದ್ದಳು.

ಗಂಡ ಬಾರಿಸುವುದನ್ನು ಅವಳೂ ನೋಡಿರಲಿಲ್ಲವೆಂದು ಆಗ ನನಗೆ ಹೊಳೆಯಿತು. ನಲ್ಲಪ್ಪ ಅವಳನ್ನು ಕಂಡ. ಒಂದು ಕ್ಷಣ ಅವನ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೇಲೆಯೇ ನಿಂತಿತು. ಆಮೇಲೆ ಬಾರಿಸತೊಡಗಿದ. ಅವನು ಇಷ್ಟು ಚೆನ್ನಾಗಿ ಬಾರಿಸಿದ್ದನ್ನು ನಾನು ಕೇಳಿಲ್ಲ. ಪೆಪಿನ್ ಅವನ ಹಿಂದೆ ಓಡಬೇಕಾಯಿತು. ಸ್ಯಾಕ್ಸೋಫೋನು ಒಂದು ಮಾತು ಕೇಳಿದರೆ ಡ್ರಮ್ಮು ಇನ್ನೊಂದನ್ನು ಕೇಳುತ್ತಿತ್ತು, ಮಿಸ್ ಡಾಲ್ಸಿ ನಗುತ್ತ ನಗುತ್ತ ಸ್ವರ ತಪ್ಪಿ ಮತ್ತೆ ಹಿಡಿದರು. ಮಗು ಅಮ್ಮನ ತೊಡೆಯ ಮೇಲೆ ನಿಂತು ಕುಣಿಯಿತು. ಜನ ಕುರ್ಚಿಯ ತುದಿಗೆ ಬಂದಿದ್ದರು. ನನ್ನ ಕಾಲೂ ನೆಲ ತಟ್ಟುತ್ತಿತ್ತು, ಅದನ್ನು ನಿಲ್ಲಿಸಲು ನನ್ನಿಂದ ಆಗಲಿಲ್ಲ.

ಹಾಡು ಮುಗಿದು ಚಪ್ಪಾಳೆಯಾಗುತ್ತಿರುವಾಗ ಅವಳು ನನ್ನ ಕಡೆ ತಿರುಗಿದಳು.

"ಇದ್ಕೇನಾ ಸಾರ್?"

ಜೋರಾಗಿ ಕೇಳಲಿಲ್ಲ. ಮುಂದಿನ ಸಾಲಿಗೂ ಕೇಳಿಸಿರಲಾರದು. ಭಾನುವಾರ ಹೋದರೆ ತಡೆಯಲಾರೆ ಎಂದು ನಾನು ಹೇಳಿದ್ದು ನನ್ನ ಹೆಂಡತಿಯೊಬ್ಬಳಿಗೆ. ಡಾಕ್ಟರು ಏನು ಹೇಳಿದರೆಂದು ಹೇಳಿದ್ದೂ ಅವಳೊಬ್ಬಳಿಗೇ. ಬಾಯಿಗೆ ಬರಬೇಕಾದ ಉತ್ತರಗಳೆಲ್ಲ ಸಿದ್ಧವಾಗಿದ್ದವು: ಸಾಹೇಬರು, ಪಟ್ಟಿ, ಪುಸ್ತಕದಲ್ಲಿರುವ ವಿದ್ಯೆ.

"ಹೂಂ" ಎಂದೆ.

ಅವಳು ತಲೆಯಾಡಿಸಿದಳು. ಮಗುವಿನ ಲಂಗ ಸರಿಮಾಡಿ ಮತ್ತೆ ವೇದಿಕೆಯ ಕಡೆ ತಿರುಗಿದಳು. ಪೆಪಿನ್ ಮುಂದಿನ ಹಾಡಿಗೆ ಕಾಲಿನಿಂದ ತಾಳ ಎಣಿಸುತ್ತಿದ್ದರು.

"ಚೆನ್ನಾಗೈತೆ" ಎಂದಳು ಮಾರಕ್ಕ.

ಅವಳು ಕೊನೆಯವರೆಗೂ ಕೂತಿರಬೇಕು. ನನಗೆ ಗೊತ್ತಿಲ್ಲ. ನಾನು ಎದ್ದು ಬಂದೆ.